ತಂತಿ ಇಲ್ಲದವನ ತಂತಿ

ಮನೆಗೆ ಫೈಬರ್ ಎಳೆಸಬೇಕೋ, ತಾರಸಿ ಮೇಲೆ ಡಬ್ಬಿ ಕೂರಿಸುವ 5ಜಿ ಏರ್‌ಫೈಬರ್ ಸಾಕೋ? ಮಾರುವವರನ್ನು ಕೇಳಿದರೆ ತಂತಮ್ಮ ಸರಕನ್ನೇ ಹೊಗಳುತ್ತಾರೆ. ಇಬ್ಬರ ಹೊರೆಯನ್ನೂ ಹೊತ್ತು, ಯಾರಿಂದಲೂ ಕಮಿಷನ್ ಪಡೆಯದ ಹಿರಿಯರೊಬ್ಬರು ಬೆಂಗಳೂರಿನ ಹನುಮಂತನಗರದ ಅಡ್ಡರಸ್ತೆಯಲ್ಲಿದ್ದಾರೆ. ಕರೆಂಟು ಕಂಬ. ಅವರಿಗೆ ಕೂರಲು ಬಾರದ ಕಾರಣ ಸಂದರ್ಶನ ನಿಂತೇ ನಡೆಯಿತು.

ಕಂಬರಾಯರೇ, ಹೇಗಿದ್ದೀರಿ?

ಕಾಣ್ತಿಲ್ವೇ ಸ್ವಾಮಿ? ನನ್ನನ್ನು ನೆಟ್ಟಿದ್ದು ಕರೆಂಟಿಗೆ. ಆಮೇಲೆ ಟಿ.ವಿ. ಕೇಬಲ್‌ನವರು ಬಂದರು, ಅವರ ಹಿಂದೆ ಫೈಬರ್‌ನವರು. ಗಿರಾಕಿ ಬಿಟ್ಟುಹೋದರೂ ಕೇಬಲ್ ಬಿಚ್ಚೋರಿಲ್ಲ. ಮಿಕ್ಕಿದ್ದನ್ನೆಲ್ಲ ಸುರುಳಿ ಸುತ್ತಿ ನನ್ನ ಕೊರಳಿಗೇ ಹಾಕ್ತಾರೆ. ಯಾವುದಕ್ಕೆ ಜೀವ ಇದೆ, ಯಾವುದು ಸತ್ತಿದೆ ಅಂತ ಕಟ್ಟಿದವರಿಗೇ ಗೊತ್ತಿಲ್ಲ. ಕತ್ತರಿಸೋಕೆ ಬಂದವರು ಮಾತ್ರ ಜೀವ ಇರೋದನ್ನೇ ಹುಡುಕಿ ಕತ್ತರಿಸ್ತಾರೆ.

ನೇರವಾಗಿ ಕೇಳ್ತೀನಿ. ಯಾವುದು ವೇಗ?

ಬರೀ ಓಟ ಅಂದರೆ ಗಾಳೀದೇ ಗೆಲುವು. ರೇಡಿಯೊ ಅಲೆ ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತೆ. ಫೈಬರ್‌ನ ಗಾಜಿನೊಳಗಿನ ಬೆಳಕು ಸುಮಾರು 2 ಲಕ್ಷ.

ಹಾಗಾದರೆ ಏರ್‌ಫೈಬರೇ ಸರಿ!

ತಡೀರಿ, ಆಗಲೇ ಹೆಡ್‌ಲೈನ್ ಬರೆದುಬಿಟ್ರಾ? ನೀವು ದುಡ್ಡು ಕೊಡೋದು ಓಟಕ್ಕಲ್ಲ, ಹೊರೆಗೆ. ಸ್ಕೂಟರು ಲಾರಿಗಿಂತ ಬೇಗ ಹೋಗುತ್ತೆ, ಮದುವೆಮನೆ ಪಾತ್ರೆ ತರೋಕೆ ಲಾರೀನೇ ಬೇಕು. ನನ್ನ ಮೇಲಿರೋ ಕೂದಲೆಳೆ ಗಾಜಿನಲ್ಲಿ, ಜಿಪಾನ್ ಅನ್ನೋ ಪದ್ಧತೀಲಿ, ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ಇಳಿಯುತ್ತೆ. ಅದನ್ನು 32 ಅಥವಾ 64 ಮನೆಗೆ ಹಂಚ್ತಾರೆ. ಪಾಲುದಾರರು ಇಷ್ಟೇ ಅಂತ ಲೆಕ್ಕ ಇದೆ. ಏರ್‌ಫೈಬರ್‌ಗೆ ಅಲೆ ಕಳಿಸೋ ಮೊಬೈಲ್ ಟವರ್ ಕಡೆ ಆ ಲೆಕ್ಕ ಇಲ್ಲ. ನಿಮ್ಮ ತಾರಸಿಯ ಡಬ್ಬಿಗೂ, ದರ್ಶಿನಿ ಮುಂದೆ ಕಾಫಿ ಹಿಡ್ಕೊಂಡು ರೀಲ್ಸ್ ನೋಡೋ ಹುಡುಗನಿಗೂ ಅದೇ ಗಾಳಿ. ಸಂಜೆ ಐಪಿಎಲ್ ಶುರುವಾದ ಮೇಲೆ ನೋಡಿ, ಯಾರ ಪಾಲಿಗೆ ಎಷ್ಟು ಉಳಿಯುತ್ತೆ ಅಂತ.

ಮಳೆ ಬಂದರೆ?

ಅಲೆಗಳಲ್ಲೂ ಗಟ್ಟಿಗರು, ನಾಜೂಕಿನವರು ಇದ್ದಾರೆ. 3.5 ಗಿಗಾಹರ್ಟ್ಸ್ ಆಸುಪಾಸಿನದು ಮಳೆಗೆ ಅಷ್ಟಾಗಿ ಜಗ್ಗಲ್ಲ, ಗೋಡೆ ಕಂಡರೆ ಸೊರಗುತ್ತೆ. ಅದಕ್ಕೇ ಡಬ್ಬೀನ ಹೊರಗೆ ಕೂರಿಸೋದು. 2022ರ ಹರಾಜಿನಲ್ಲಿ ಮಾರಿದ 26 ಗಿಗಾಹರ್ಟ್ಸ್ ಇದೆಯಲ್ಲ, ಅದು ಹೊರೆ ಹೊರೋದರಲ್ಲಿ ಭೀಮ. ಆದರೆ ಹೊಂಗೆ ಮರದ ಎಲೆ ಅಡ್ಡ ಬಂದರೂ ಮುನಿಸು. ಫೈಬರ್‌ಗೆ ಮಳೆ ಲೆಕ್ಕಕ್ಕೇ ಇಲ್ಲ. ಅದರ ಶತ್ರುಗಳು ಅಳಿಲು, ಎತ್ತರದ ಲಾರಿ, ಜೆಸಿಬಿ, ಗಣೇಶನ ಮೆರವಣಿಗೆ. ಜಿಯೋ ಏರ್‌ಫೈಬರ್ ಶುರುವಾದದ್ದೂ 2023ರ ಗಣೇಶನ ಹಬ್ಬದ ಹೊತ್ತಿಗೇ. ಮೂರ್ತಿ ಎಷ್ಟೆತ್ತರ ಅಂತ ವಿಚಾರಿಸಿಯೇ ದಿನ ಗೊತ್ತುಮಾಡಿದ್ದರೋ ಏನೋ.

ನೂರು ಎಂಬಿಪಿಎಸ್ ಅಂತ ಹೇಳಿ ಹನ್ನೆರಡೇ ಬರ್ತಿದೆ ಅಂತ ಜನ ಜಗಳ ಆಡ್ತಾರಲ್ಲ?

ಎದುರುಮನೆ ಮೇಷ್ಟ್ರೂ ಆಡಿದ್ದರು. ಪಾಪ, ಗಣಿತದ ಮೇಷ್ಟ್ರು. ಕಂಪನಿಯವರು ಎಣಿಸೋದು ಬಿಟ್‌ನಲ್ಲಿ, ಕಂಪ್ಯೂಟರ್ ತೋರಿಸೋದು ಬೈಟ್‌ನಲ್ಲಿ. ನೂರನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ. ಅವರು ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ಇಳಿಯೋದು ನೂರು, ಏರೋದು ಎಷ್ಟು? ಫೈಬರ್ ಪ್ಲ್ಯಾನ್‌ಗಳಲ್ಲಿ ಸಾಮಾನ್ಯವಾಗಿ ಎರಡೂ ಸಮ. 5ಜಿಯಲ್ಲಿ ಒಂದೇ ಅಲೆಯ ಸಮಯವನ್ನು ಇಳಿಕೆಗೂ ಏರಿಕೆಗೂ ಹಂಚಬೇಕು, ಸಿಂಹಪಾಲು ಇಳಿಕೆಗೇ. ಸೊಸೆ ಆಫೀಸಿನ ಮೀಟಿಂಗ್‌ನಲ್ಲಿ ಕ್ಯಾಮೆರಾ ಹಾಕಿದ ತಕ್ಷಣ ಇದರ ಅರ್ಥ ಮನೆಮಂದಿಗೆಲ್ಲ ಆಗುತ್ತೆ.

ಅಂದರೆ ನಿಮ್ಮ ವೋಟು ಫೈಬರ್‌ಗೆ.

ನಾನು ಯಾರ ಪಾರ್ಟಿಯೂ ಅಲ್ಲ, ಆದರೂ ಎಲ್ಲ ಪಾರ್ಟಿಯ ಬಾವುಟ ಕಟ್ಟಿಸಿಕೊಂಡಿದ್ದೀನಿ! ಆ ಮೂಲೆಮನೆ ಮೇಲೆ ಟವರ್ ಕಾಣ್ತಿದೆಯಾ? ಅದರ ಬುಡಕ್ಕೆ ಒಂದು ಕಪ್ಪು ಕೇಬಲ್ ಹೋಗ್ತಿದೆ. ಎಲ್ಲಿಂದ? ನನ್ನ ಹೆಗಲಿಂದ. ‘ನಮ್ಮದು ತಂತಿ ಇಲ್ಲದ ಇಂಟರ್ನೆಟ್ಟು’ ಅಂತ ತಾರಸಿಯಲ್ಲಿ ನಿಂತು ಜಂಬ ಕೊಚ್ಚಿಕೊಳ್ಳೋರ ತಂತೀನೂ ಹೊತ್ತಿರೋದು ನಾನೇ. ಇನ್ನು ಫೈಬರ್ ಮನೆಯವರು. ಹಾಲ್‌ವರೆಗೆ ಗಾಜಿನ ಎಳೆ ಎಳೆಸ್ತಾರೆ, ರೌಟರನ್ನು ಷೋಕೇಸಿನ ಸ್ಟೀಲು ಪಾತ್ರೆಗಳ ಹಿಂದೆ ಮುಚ್ಚಿಡ್ತಾರೆ, ಎರಡು ಗೋಡೆ ಆಚೆ ಮಂಚದ ಮೇಲೆ ಮಲಗಿ ವೈಫೈ ಹಿಡಿದು ಸ್ಪೀಡು ನೋಡ್ತಾರೆ. ಬೈಗುಳ ಮಾತ್ರ ಕೇಬಲ್ ಹುಡುಗನಿಗೆ. ಏಣಿ ಹೊತ್ಕೊಂಡು ಬಂದು ನನ್ನ ಮೈಮೇಲೆ ಹತ್ತಿ, ಸರಿಯಾಗಿರೋದನ್ನೇ ಇನ್ನೊಂದು ಸಲ ಸರಿ ಮಾಡಿ ಇಳೀತಾನೆ.

ಕೊನೆಗೆ ಜನ ಯಾವುದನ್ನು ತಗೋಬೇಕು?

ಹನ್ನೊಂದು ತಿಂಗಳ ಅಗ್ರಿಮೆಂಟಿನ ಬಾಡಿಗೆ ಮನೆ, ಗೋಡೆಗೆ ತೂತು ಕೊರೆಯೋಕೆ ಓನರ್ ಬಿಡಲ್ಲ ಅಂದರೆ ಡಬ್ಬಿ ತಗೊಳ್ಳಿ, ಮನೆ ಬದಲಾಯಿಸಿದರೆ ಜೊತೆಗೇ ಬರುತ್ತೆ. ಸ್ವಂತ ಮನೆ, ಇಬ್ಬರು ಮನೆಯಿಂದಲೇ ಕೆಲಸ ಅಂದರೆ ಫೈಬರ್. ಯಾವುದಾದರೂ ಸರಿ, ಮೊದಲು ಆ ರೌಟರನ್ನು ಪಾತ್ರೆಗಳಿಂದ ಬಿಡುಗಡೆ ಮಾಡಿ.

ಇನ್ನು ಮುಂದೆ ಸ್ಟಾರ್‌ಲಿಂಕ್ ಬಂದು ಸುಮಾರು 550 ಕಿಲೋಮೀಟರ್ ಮೇಲಿನ ಉಪಗ್ರಹದಿಂದ ಇಂಟರ್ನೆಟ್ ಕೊಡುತ್ತಂತೆ. ನಿಮಗೆ ನಿವೃತ್ತಿ?

ಮೇಲೆ ಹೋದದ್ದು ಕೆಳಗೆ ಇಳಿಯಲೇಬೇಕಲ್ಲ ಸ್ವಾಮಿ. ಇಳಿಯೋ ಕಡೆ ಗೇಟ್‌ವೇ ಕಟ್ಟಬೇಕು, ಅಲ್ಲಿಂದ ಮುಂದಕ್ಕೆ ಫೈಬರೇ. ಅದು ಯಾವ ಊರಲ್ಲಿ ಅಂತ ಗೊತ್ತಾದರೆ, ಅಲ್ಲಿನ ಕಂಬಕ್ಕೆ ಈಗಲೇ ಕತ್ತು ಗಟ್ಟಿ ಮಾಡ್ಕೋ ಅಂತ ಹೇಳಿ.