ಟೋನ್ ಮೀಮಾಂಸೆ ಅಥವಾ ಕಪ್ಪು-ಬಿಳುಪಿನ ವರ್ಣಸಂಕರ ವಿಚಾರ

ಕಪ್ಪು-ಬಿಳುಪು ಎಂಬ ಹೆಸರಿನಲ್ಲೇ ಎರಡು ಬಣ್ಣಗಳಿದ್ದರೂ ಅಂಥ ಛಾಯಾಚಿತ್ರವನ್ನು ಬಲ್ಲವರು ಏಕವರ್ಣವೆಂದೇ ಕರೆಯುತ್ತಾರೆ. ಆ ಒಂದು ವರ್ಣವೂ ಸಾಲದೆನಿಸಿದಾಗ ಅದಕ್ಕೆ ಕಂದನ್ನೋ ನೀಲಿಯನ್ನೋ ಏರಿಸುವ ಕ್ರಿಯೆಗೆ ಟೋನಿಂಗ್ ಎಂದು ಹೆಸರು. ಟೋನ್ ಏರಿಸಿದ ಚಿತ್ರವನ್ನು ಜಾಲದಲ್ಲಿ ಹಂಚುವುದು, ಹಂಚಿದ್ದನ್ನು ವಿಮರ್ಶಿಸುವುದು, ವಿಮರ್ಶೆಗೆ ಕೈಮುಗಿದು ಮರುದಿನ ಅಂಥದೇ ಇನ್ನೊಂದನ್ನು ಹಂಚುವುದು, ಇವಿಷ್ಟೂ ಕೂಡಿ ಒಂದು ಶಾಸ್ತ್ರವಾಗಿದೆ. ಶಾಸ್ತ್ರಗ್ರಂಥದ ಮೊದಲಲ್ಲಿ ವಿಷಯ, ಅಧಿಕಾರಿ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳುವುದು ಪದ್ಧತಿ. ವಿಷಯ ಹೇಳಿಯಾಯಿತು, ಅಧಿಕಾರಿ, ಎಂದರೆ ಓದಲು ಅರ್ಹನಾದವನು, ಕೈಯಲ್ಲಿ ಮೊಬೈಲು ಇರುವ ಯಾರಾದರೂ ಆಗಬಹುದು, ಸಂಬಂಧವೆಂಬುದು ಹೊಗಳಿದವನಿಗೂ ಹೊಗಳಿಸಿಕೊಂಡವನಿಗೂ ನಡುವಿನ ಕೈಸಾಲ, ಪ್ರಯೋಜನ ಮುಂದೆ ಎಲ್ಲಾದರೂ ಕಂಡುಬಂದರೆ ಹೇಳಲಾಗುವುದು.

ಟೋನುಗಳಲ್ಲಿ ಸೆಪಿಯಾ ಜ್ಯೇಷ್ಠ. ಸೆಪಿಯಾ ಎಂಬುದು ಕರಾವಳಿಯವರು ಬೊಂಡಾಸ್ ಎನ್ನುವ ಜೀವಿಯ ನೆಂಟನಾದ ಕಟ್ಲ್‌ಫಿಶ್‌ನ ಹೆಸರು. ಅದು ಕಾರುವ ಮಸಿಯಿಂದ ಮಾಡಿದ ಕಂದು ಶಾಯಿಗೂ ಅದೇ ಹೆಸರು ಅಂಟಿಕೊಂಡಿತು. ಛಾಯಾಚಿತ್ರದ ಸೆಪಿಯಾದಲ್ಲಿ ಆ ಮಸಿಯ ಅಂಶವೇನೂ ಇಲ್ಲವಾದ್ದರಿಂದ ಸಸ್ಯಾಹಾರಿ ವಿಮರ್ಶಕರು ನಿಶ್ಚಿಂತೆಯಿಂದ ಮೆಚ್ಚಬಹುದು; ಚಿತ್ರ ಮೂಡುವ ಕಾಗದದ ಜೆಲಟಿನ್ ಪದರ ಪ್ರಾಣಿಗಳ ಮೂಳೆ-ಚರ್ಮದಿಂದ ಬರುತ್ತದೆಂಬ ಸಂಗತಿಯನ್ನು ಈ ಗ್ರಂಥ ವಿಸ್ತರಿಸುವುದಿಲ್ಲ. ಡಾರ್ಕ್‌ರೂಮಿನ ಕಾಲದಲ್ಲಿ ಚಿತ್ರವನ್ನು ಮೊದಲು ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಬ್ರೋಮೈಡಿನ ದ್ರಾವಣದಲ್ಲಿ ಬಿಳಿಚಿಸಿ, ತೊಳೆದು, ಸೋಡಿಯಂ ಸಲ್ಫೈಡಿನಲ್ಲಿ ಅದ್ದಿದರೆ, ಅದರ ಬೆಳ್ಳಿಯು ಸಿಲ್ವರ್ ಸಲ್ಫೈಡಾಗಿ, ಅಳಿಸಿಹೋದಂತಿದ್ದ ಮುಖ ಕಂದುಬಣ್ಣದಲ್ಲಿ ಮತ್ತೆ ಎದ್ದುಬರುತ್ತಿತ್ತು. ಅದರ ಜೊತೆಗೇ ಕೊಳೆತ ಮೊಟ್ಟೆಯ ನಾತವೂ ಏಳುತ್ತಿತ್ತು. ಇಷ್ಟನ್ನೂ ಸಹಿಸಿದ್ದಕ್ಕೆ ಫಲವೆಂದರೆ ಚಿತ್ರ ಬೇಗ ಮಾಸುತ್ತಿರಲಿಲ್ಲ. ಹೀಗೆ ಬಾಳಿಕೆ ಕೊಡುತ್ತಿದ್ದ ಉಪಾಯವನ್ನೇ ಈಗ ಬೆಳಿಗ್ಗೆ ತೆಗೆದ ಚಿತ್ರವನ್ನು ಮಧ್ಯಾಹ್ನದೊಳಗೆ ಹಳತಾಗಿಸಲು ಬಳಸುತ್ತಿದ್ದು, ನಾತ ಹೋದದ್ದೊಂದು ಮಾತ್ರ ನಿಸ್ಸಂಶಯವಾದ ಪ್ರಗತಿ. ಸೆಲೆನಿಯಂ ಕಪ್ಪನ್ನು ಇನ್ನಷ್ಟು ಗಾಢವಾಗಿಸುತ್ತದೆ, ಆದರೆ ವಿಷ. ಬಂಗಾರದ ಟೋನ್ ದುಬಾರಿ. 1842ರಲ್ಲಿ ಜಾನ್ ಹರ್ಷೆಲ್ ಕಂಡುಹಿಡಿದ ಸಯನೋಟೈಪ್ ಎಂಬ ನೀಲಿ ಚಿತ್ರವನ್ನು ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಕಪ್ಪಾಗಿಸುವ ಪಂಥವೊಂದಿದ್ದು, ಚಿತ್ರ ಕೆಟ್ಟರೂ ಫಿಲ್ಟರಿನಲ್ಲಿ ಉಳಿದದ್ದು ಕುಡಿಯಲು ಬರುತ್ತದೆ.

ವರ್ಣಸಂಕರದ ಪ್ರಶ್ನೆ ಏಳುವುದು ಇಲ್ಲಿ. ಛಾಯಾಚಿತ್ರ ಕಲೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್‌ನ ನಿಯಮದಂತೆ, ಇಡೀ ಚಿತ್ರಕ್ಕೆ ಒಂದೇ ಬಣ್ಣದ ಟೋನ್ ಕೊಟ್ಟರೆ ಅದು ಏಕವರ್ಣವಾಗಿಯೇ ಉಳಿಯುತ್ತದೆ. ಒಂದು ಭಾಗಕ್ಕಷ್ಟೇ ಕೊಟ್ಟರೆ, ಅಥವಾ ಒಂದು ಬಣ್ಣ ಸೇರಿಸಿದರೆ, ಅದು ಬಹುವರ್ಣದ ಸಾಲಿಗೆ ಹೋಗಿ ಕೂರಬೇಕು. ಎಂದರೆ ಅಡಿಯಿಂದ ಮುಡಿಯವರೆಗೆ ಕಂದಾದವಳು ಕುಲೀನೆ, ಹಣೆಯ ಕುಂಕುಮವೊಂದನ್ನು ಕೆಂಪಾಗಿ ಉಳಿಸಿಕೊಂಡವಳು ಪಂಕ್ತಿಬಾಹಿರೆ. ವರ್ಣದ ವಿಷಯದಲ್ಲಿ ಪಂಕ್ತಿಭೇದ ಈ ನಾಡಿಗೆ ಹೊಸದಲ್ಲವಾಗಿ, ಈ ನಿಯಮವನ್ನು ಇಲ್ಲಿ ಯಾರಿಗೂ ಎರಡು ಸಲ ವಿವರಿಸಬೇಕಾಗಿ ಬರುವುದಿಲ್ಲ.

ಲಕ್ಷ್ಯವಿಲ್ಲದೆ ಲಕ್ಷಣ ನಿಲ್ಲದಾದ್ದರಿಂದ, ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಚೆಂಡುಹೂವಿನ ರಾಶಿಯ ಹಿಂದೆ ಕೂತ ಅಜ್ಜನೊಬ್ಬನ ಚಿತ್ರವನ್ನು ಕಲ್ಪಿಸಿಕೊಳ್ಳತಕ್ಕದ್ದು. ಕ್ಯಾಮೆರಾ ಹೂವಿನ ಹಳದಿಯನ್ನು ಹಳದಿಯಾಗಿಯೇ ಹಿಡಿದಿರುತ್ತದೆ. ಕಲಾವಿದನು ಆ ಹಳದಿಯನ್ನು ತೆಗೆದುಹಾಕಿ, ಹೂರಾಶಿ ಬೂದಿಗುಡ್ಡೆಯಂತೆ ಕಂಡದ್ದರಿಂದ ಗಾಬರಿಗೊಂಡು, ಸೆಪಿಯಾ ಏರಿಸುತ್ತಾನೆ. ಆಗ ಹೊರಹಾಕಿದ ಹಳದಿಯೇ ಕಂದಿನ ವೇಷದಲ್ಲಿ ಮರಳಿ, ಹೂವಿಗೆ ಮಾತ್ರ ಸೇರಿದ್ದದ್ದು ಅಜ್ಜನ ಗಡ್ಡಕ್ಕೂ ಬನಿಯನ್ನಿಗೂ ತಕ್ಕಡಿಗೂ ಪಕ್ಕದಲ್ಲಿ ನಿಲ್ಲಿಸಿದ ಕ್ಯೂಆರ್ ಕೋಡಿನ ಫಲಕಕ್ಕೂ ಸಮನಾಗಿ ಹಂಚಿಹೋಗುತ್ತದೆ. ಹಂಚಿಕೆ ಎಂಬ ಪಾರಿಭಾಷಿಕ ಪದಕ್ಕೆ ಇದೇ ಮೊದಲ ಅರ್ಥ. ಅದನ್ನು ಊರಿಗೆಲ್ಲ ಕಳಿಸುವುದು ಎರಡನೆಯದು.

ಆಮೇಲೆ ಬರುವುದು ವಿಮರ್ಶೆ. ಮಾತಿಗೆ ನೇರವಾದ ವಾಚ್ಯಾರ್ಥವಲ್ಲದೆ ಸೂಚಿತವಾದ ವ್ಯಂಗ್ಯಾರ್ಥವೂ ಉಂಟೆಂದು 9ನೆಯ ಶತಮಾನದ ಆನಂದವರ್ಧನನು ಕಾಶ್ಮೀರದಲ್ಲಿ ಪ್ರತಿಪಾದಿಸಿದ್ದು ಈ ಪ್ರಕಾರಕ್ಕೆಂದೇ ಇರಬೇಕು. ‘ಟೋನ್ ಚೆನ್ನಾಗಿದೆ ಸರ್’ ಎಂಬಲ್ಲಿ ಬೇರೇನೂ ಚೆನ್ನಾಗಿಲ್ಲವೆಂಬುದು ವ್ಯಂಗ್ಯ. ‘ಎಡಗಡೆ ಸ್ವಲ್ಪ ಕ್ರಾಪ್ ಮಾಡಬಹುದಿತ್ತು’ ಎಂಬಲ್ಲಿ ವಿಮರ್ಶಕನ ಬಳಿಯೂ ಕ್ಯಾಮೆರಾ ಇದೆಯೆಂಬುದು ವ್ಯಂಗ್ಯ. ಇನ್ನೂ ಪ್ರೌಢರಾದವರು ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗೆ 11 ಮೆಟ್ಟಿಲುಗಳನ್ನು ಎಣಿಸುವ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ ಅವರ ಜೋನ್ ಪದ್ಧತಿಯನ್ನು ಹಿಡಿದು, ಅಜ್ಜನ ಕಂಕುಳಿನ ನೆರಳಿನಲ್ಲಿ ವಿವರ ಉಳಿದಿದೆಯೇ ಇಲ್ಲವೇ ಎಂದು ರಾತ್ರಿ ಹನ್ನೆರಡರವರೆಗೆ ವಾದಿಸುತ್ತಾರೆ. ಒಬ್ಬನು ಬಿಸಿಲಿನಲ್ಲಿ ನಿಂತ ಬಸ್ಸಿನಲ್ಲಿ ನೋಡಿರುತ್ತಾನೆ, ಇನ್ನೊಬ್ಬನು ದೀಪ ಆರಿಸಿ ಹೊದಿಕೆಯೊಳಗೆ. ಮೊಬೈಲಿನ ಬ್ರೈಟ್‌ನೆಸ್ ಹೆಚ್ಚು-ಕಡಿಮೆ ಮಾಡಿದರೆ ತೀರುವ ವ್ಯಾಜ್ಯವಿದೆಂದು ಯಾರೂ ಹೇಳುವುದಿಲ್ಲ, ಹೇಳಿದರೆ ಶಾಸ್ತ್ರವೇ ಉಳಿಯುವುದಿಲ್ಲ. ಅಜ್ಜ ನಗುತ್ತಿದ್ದಾನೆಯೇ ಎಂಬ ವಿಚಾರ ಈ ಚರ್ಚೆಯ ವ್ಯಾಪ್ತಿಗೆ ಬರುವುದಿಲ್ಲ.

ಬಾಕಿ ಉಳಿದದ್ದು ಪ್ರಯೋಜನ. ಓದುಗರಲ್ಲಿ ಇಂಥ ಚಿತ್ರ ತೆಗೆದವರಿದ್ದರೆ, ಮುಂದಿನ ಸಲ ಮಾರುಕಟ್ಟೆಯ ಕಡೆ ಹೋದಾಗ ಅಜ್ಜನಿಗೂ ಒಂದು ಪ್ರತಿ ಹಾಕಿಸಿ ಕೊಟ್ಟುಬರಬೇಕಾಗಿ ವಿನಂತಿ. ಆತ ಕೇಳಿದ್ದು ಕಲರ್ ಫೋಟೊ.