ಡಬ್ಬದ ಬಲ

(ತಲಕಾಡು. ಮರಳಲ್ಲಿ ಕಬಡ್ಡಿ ಆಡಿ ಬಂದ ಮೊಮ್ಮಗ. ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿರುವ ಅಜ್ಜಿ.)

'ಅಜ್ಜಿ, ನಮ್ ಕೋಚು ಹೇಳವ್ರೆ, ಇನ್ಮೇಲೆ ಮುದ್ದೆ-ಉಪ್ಸಾರು ಬ್ಯಾಡ. ನಂದು ಪ್ಲಾಂಟ್ ಬೇಸ್ಡ್ ಡಯಟ್ಟು.'

'ಹಂಗಂದ್ರೆ?'

'ಗಿಡದಲ್ಲಿ ಬೆಳೆದದ್ದು ಮಾತ್ರ ತಿನ್ನೋದು.'

'ರಾಗಿ ಏನ್ಲಾ, ಹಸ ಈಯ್ತದಾ?'

'ಅದಲ್ಲ. ಡಬ್ಬದಲ್ಲಿ ಬತ್ತದೆ, ಬಟಾಣಿ ಪ್ರೋಟೀನು.'

'ಹುರುಳಿಕಾಳು ಆಗಲ್ವಾ?'

'ಅದನ್ನ ಕುದುರೆ ತಿಂತದೆ!'

'ಪಾಪ, ಅದಕ್ಕೆ ಕೋಚಿಲ್ಲ. ಸುಮ್ನೆ ಓಡ್ತದೆ.'

'ಕ್ಯಾಲ್ಸಿಯಂ ಮಾತ್ರೆನೂ ತಕೋಬೇಕು.'

'100 ಗ್ರಾಂ ರಾಗೀಲಿ 300 ಮಿಲಿಗ್ರಾಂಗೂ ಮೇಲೆ ಅದೆಯಂತೆ, ಅಂಗನವಾಡಿ ಟೀಚರಮ್ಮ ಅಂದ್ರು. ಮುದ್ದೆ ಮೇಲೆ ಬರೆದಿಲ್ಲ, ಅಷ್ಟೇಯ. ಡಬ್ಬಕ್ಕೆ ದುಡ್ಡೆಷ್ಟ್ಲಾ?'

'ನಾಕು ಸಾವ್ರ. 2025-26ರ ಬೆಂಬಲ ಬೆಲೇಲಿ ಕ್ವಿಂಟಾಲ್ ರಾಗಿಗೆ 4,886 ಇತ್ತಲ್ವಾ? ಒಂದು ಕ್ವಿಂಟಾಲ್ ಹಾಕಿದ್ರೆ ಡಬ್ಬ ಬಂದು ಚಿಲ್ರೆನೂ ಉಳೀತದೆ.'

'ಎಷ್ಟು ದಿವ್ಸ ಬತ್ತದೆ?'

'ಒಂದು ತಿಂಗ್ಳು.'

'ವರ್ಸದ ರಾಗೀನ ತಿಂಗ್ಳಲ್ಲಿ ಮುಗಿಸ್ತೀಯ. ಬಲ ಬಂದೇ ಬತ್ತದೆ ಬುಡು! ಅಲ್ಲ ಕಣ್ಲಾ, ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೋರು 2024ರಲ್ಲಿ ಪ್ರೋಟೀನ್ ಪುಡಿ ಬ್ಯಾಡ ಅಂದ್ರಂತಲ್ಲ?'

'ಅವ್ರಿಗೇನು ಗೊತ್ತಜ್ಜಿ? ಅವ್ರು ವಿಜ್ಞಾನಿಗಳು. ನಮ್ ಕೋಚು ಸ್ವಂತ ಅಂಗಡಿ ಇಟ್ಟವ್ರೆ!'