ಧೈರ್ಯ ಮನೆಯಲ್ಲಿಟ್ಟು, ತಿಂಡಿ ತಿಂದು ಹೋಗಿ

ಚಿತ್ರದುರ್ಗದ ಸೀಮೆಯಲ್ಲಿ ರಕ್ತದ ಮಾತು ಬಂದರೆ ದನಿ ತಾನಾಗಿ ಏರುತ್ತದೆ. ಏಳು ಸುತ್ತಿನ ಕೋಟೆ, ಮದಕರಿ ನಾಯಕ, ಕಿಂಡಿಯ ಪಕ್ಕ ಒನಕೆ ಹಿಡಿದು ನಿಂತ ಓಬವ್ವ, ಇವರ ಕಥೆ ಕೇಳಿ ಬೆಳೆದವರಿಗೆ ರಕ್ತ ಅಂದರೆ ಹರಿಸಬೇಕಾದ್ದು, ಇಲ್ಲವೇ ಹರಿಸಿದವರನ್ನು ನೆನೆದು ಹಾರ ಹಾಕಬೇಕಾದ್ದು. ಅದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿ, ಎರಡು ಬಿಸ್ಕತ್ತು ತಿಂದು ಮನೆಗೆ ಬರುವುದು ಈ ಪರಂಪರೆಗೆ ಅಷ್ಟಾಗಿ ಒಗ್ಗುವುದಿಲ್ಲ. ಪ್ಲಾಸ್ಮಾ ದಾನವಂತೂ ಇನ್ನೂ ಮುಜುಗರದ್ದು. ಕೆಂಪು ಭಾಗವನ್ನು ಯಂತ್ರ ನಿಮಗೇ ವಾಪಸು ಕೊಟ್ಟು, ಹಳದಿ ನೀರನ್ನಷ್ಟೇ ಇಟ್ಟುಕೊಳ್ಳುತ್ತದೆ. ನಾಡಿಗಾಗಿ ಹಳದಿ ನೀರು ಕೊಟ್ಟೆ ಎಂದು ಯಾವ ವೇದಿಕೆಯಲ್ಲಿ ಹೇಳಿಕೊಳ್ಳುವುದು? ಹಾಗಿದ್ದೂ ಮೊದಲ ಸಲ ಹೊರಟವರು ಹಿಂದಿನ ರಾತ್ರಿಯಿಡೀ ನಿದ್ದೆಗೆಟ್ಟು ಧೈರ್ಯ ಕೂಡಿಸುತ್ತಾರೆ. ನನ್ನ ವಾದ ಇಷ್ಟೆ: ಈ ಕೆಲಸಕ್ಕೆ ಧೈರ್ಯ ಬೇಕಾಗುವುದು ಸೂಜಿ ಚುಚ್ಚುವ ಆ ಒಂದೆರಡು ಕ್ಷಣ. ಮಿಕ್ಕ ಹೊತ್ತಿಗೆಲ್ಲ ಬೇಕಾದ್ದು ಸುಮ್ಮನೆ ಕೂರುವ ತಾಳ್ಮೆ, ಮತ್ತು ಹೊಟ್ಟೆಯಲ್ಲಿ ಒಂದಿಷ್ಟು ತಿಂಡಿ.

ರಕ್ತದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು, ಅಂದರೆ ಶೇ. 55ರಷ್ಟು ಪ್ಲಾಸ್ಮಾ. ಅದರಲ್ಲೂ ಶೇ. 90ಕ್ಕೆ ಮೇಲ್ಪಟ್ಟು ಬರೀ ನೀರು. ಉಳಿದ ಚೂರುಪಾರಿನಲ್ಲಿ ಆಲ್ಬುಮಿನ್, ರೋಗದ ವಿರುದ್ಧ ಕಾದಾಡುವ ಇಮ್ಯುನೊಗ್ಲಾಬ್ಯುಲಿನ್, ರಕ್ತವನ್ನು ಹೆಪ್ಪುಗಟ್ಟಿಸುವ ಅಂಶಗಳು ಇವೆ. ಬೆಲೆಯೆಲ್ಲ ಈ ಚೂರುಪಾರಿಗೇ. ನಮ್ಮಲ್ಲಿ ಪ್ಲಾಸ್ಮಾದ ಬಹುಪಾಲು ಸಿಗುವುದು ಮಾಮೂಲಿ ರಕ್ತದಾನದಿಂದ. 350 ಅಥವಾ 450 ಮಿಲಿ ಲೀಟರ್ ರಕ್ತ ತೆಗೆದು, ಗರಗರ ತಿರುಗಿಸಿ ಬೇರ್ಪಡಿಸಿ, ಪ್ಲಾಸ್ಮಾವನ್ನು ಮೈನಸ್ 30 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿದರೆ ಒಂದು ವರ್ಷ ಇಡಬಹುದು. ಹಾಗಾಗಿ ಹಿರಿಯೂರಿನಲ್ಲೋ ಹೊಳಲ್ಕೆರೆಯಲ್ಲೋ ಯಾರೋ ಮುಖಂಡರ ಹುಟ್ಟುಹಬ್ಬದ ಶಿಬಿರದಲ್ಲಿ ಸ್ನೇಹಿತರ ಒತ್ತಾಯಕ್ಕೆ ಮಂಚ ಹತ್ತಿದವನೂ ತನಗೇ ಗೊತ್ತಿಲ್ಲದೆ ಪ್ಲಾಸ್ಮಾ ದಾನಿ ಆಗಿರಬಹುದು. ಬರೀ ಪ್ಲಾಸ್ಮಾವನ್ನೇ ಕೊಡುವುದಾದರೆ ಪ್ಲಾಸ್ಮಾ ಇಟ್ಟುಕೊಂಡು ಉಳಿದದ್ದನ್ನು ವಾಪಸು ಕೊಡುವ ಎಫೆರೆಸಿಸ್ ಯಂತ್ರ ಇರುವ ದೊಡ್ಡ ರಕ್ತನಿಧಿಗೆ ಹೋಗಬೇಕು. ಅಲ್ಲಿ ಒಂದು ಸಲಕ್ಕೆ 500 ಮಿಲಿ ಲೀಟರಿಗಿಂತ, ಒಂದು ತಿಂಗಳಿಗೆ 1000 ಮಿಲಿ ಲೀಟರಿಗಿಂತ ಹೆಚ್ಚು ತೆಗೆಯಕೂಡದು ಎಂದು ನಮ್ಮ ಕಾನೂನು ಹೇಳುತ್ತದೆ.

ಹೋದೊಡನೆ ಎದುರಾಗುವುದು ಸೂಜಿಯಲ್ಲ, ಫಾರಂ. ಜಾಂಡೀಸ್ ಬಂದಿತ್ತೆ, ಮಲೇರಿಯಾ ಯಾವಾಗ, ಹಚ್ಚೆ ಹಾಕಿಸಿದ್ದೀರಾ, ನಾಯಿ ಕಚ್ಚಿತ್ತೆ, ನಿನ್ನೆ ರಾತ್ರಿ ಕುಡಿದಿದ್ದೀರಾ? ಈ ಕೊನೆಯ ಪ್ರಶ್ನೆ ಬಂದಾಗ, ಜೊತೆಗೆ ಬಂದ ಬಾಮೈದ ಪಕ್ಕದಲ್ಲೇ ನಿಂತಿದ್ದರೆ ಉತ್ತರ ತುಸು ತಡವಾಗುತ್ತದೆ. ನಾಚದೆ ನಿಜ ಹೇಳುವುದೇ ಕ್ಷೇಮ. ಸುಳ್ಳು ಹೇಳಿ ಕೊಟ್ಟ ಪ್ಲಾಸ್ಮಾ ಯಾರದೋ ಮೈಗೆ ಹೋಗುತ್ತದೆ. ಆಮೇಲೆ ಬೆರಳ ತುದಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆಯುತ್ತಾರೆ. ಹಲವು ಕಡೆ ಆ ಹನಿಯನ್ನು ನೀಲಿ ಬಣ್ಣದ ಮೈಲುತುತ್ತದ ದ್ರಾವಣಕ್ಕೆ ಬಿಡುವುದುಂಟು. ಹನಿ ಒಂದು ಗಳಿಗೆ ಅನುಮಾನಿಸುತ್ತಾ ನಿಂತು, ನೆಟ್ಟಗೆ ತಳಕ್ಕಿಳಿದರೆ ಹಿಮೊಗ್ಲೋಬಿನ್ 12.5 ಗ್ರಾಂ ಮುಟ್ಟಿದೆ ಎಂದರ್ಥ; ತೇಲಿದರೆ ಮನೆಗೆ ವಾಪಸು. ಬದುಕಿನಲ್ಲಿ ಮುಳುಗಿದವನು ಪಾಸಾಗುವ ಪರೀಕ್ಷೆ ಇದೊಂದೇ ಇರಬೇಕು. ಅನೇಕರು ಎಡವುವುದು ಮಾತ್ರ ಇದಕ್ಕೂ ಮೊದಲು, ಊಟದ ವಿಷಯದಲ್ಲಿ. ದೇವಸ್ಥಾನಕ್ಕೂ ಸಕ್ಕರೆ ಪರೀಕ್ಷೆಗೂ ಖಾಲಿ ಹೊಟ್ಟೆಯಲ್ಲಿ ಹೋಗಿ ಅಭ್ಯಾಸವಾದವರು ಇಲ್ಲಿಗೂ ಉಪವಾಸ ಬರುತ್ತಾರೆ, ತಲೆ ಸುತ್ತಿ ಬೀಳುವವರಲ್ಲಿ ಮೊದಲಿಗರೂ ಆಗುತ್ತಾರೆ. ಇನ್ನೊಂದು ಪಂಗಡ ಶಕ್ತಿ ಬರಲೆಂದು ದಾರಿಯಲ್ಲಿ ಮಂಡಕ್ಕಿ ಜೊತೆ ನಾಲ್ಕು ಮೆಣಸಿನಕಾಯಿ ಬಜ್ಜಿ ಜಡಿದು ಬರುತ್ತದೆ. ಜಿಡ್ಡು ತಿಂದು ಹೋದರೆ ತಿಳಿಯಾಗಿರಬೇಕಾದ ಪ್ಲಾಸ್ಮಾ ಹಾಲಿನಂತೆ ಬೆಳ್ಳಗೆ ಕದಡಿ ಬರುತ್ತದೆ. ಅದನ್ನು ಚೆಲ್ಲುವುದೇ ಗತಿ. ಇಡ್ಲಿ ತಿನ್ನಿ, ರಾಗಿಮುದ್ದೆ ಉಣ್ಣಿ, ಚೊಂಬುಗಟ್ಟಲೆ ನೀರು ಕುಡಿಯಿರಿ. ಬಜ್ಜಿ ಬರುವಾಗ ಇದ್ದೇ ಇದೆ.

ಸೂಜಿಯ ಬಗ್ಗೆ ಸುಳ್ಳು ಹೇಳುವುದಿಲ್ಲ. ಜ್ವರಕ್ಕೆ ಚುಚ್ಚುವ ಸೂಜಿಗಿಂತ ಅದು ದಪ್ಪ, ಸುಮಾರು ಒಂದೂವರೆ ಮಿಲಿ ಮೀಟರ್. ಕಣಗಳು ಜಜ್ಜಿಹೋಗದೆ ಹರಿಯಲಿ ಎಂದು ಅಷ್ಟು ಗಾತ್ರ. ಚುಚ್ಚಿದಾಗ ನೋಯುತ್ತದೆ, ಆಮೇಲೆ ನೋಯುವುದಿಲ್ಲ. ಶುರುವಾಗುವುದು ಬೇಜಾರು. ಮಾಮೂಲಿ ರಕ್ತದಾನ ಹತ್ತು ನಿಮಿಷದ ಕೆಲಸವಾದರೆ ಇದು ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಯಂತ್ರ ಸ್ವಲ್ಪ ರಕ್ತ ಎಳೆದುಕೊಳ್ಳುತ್ತದೆ, ಒಳಗೆ ತಿರುಗಿಸುತ್ತದೆ, ಹಳದಿಯನ್ನು ಚೀಲಕ್ಕೆ ಬಿಟ್ಟು ಕೆಂಪನ್ನು ಅದೇ ಕೊಳವೆಯಲ್ಲಿ ತಿರುಗಿ ಕಳಿಸುತ್ತದೆ, ಮತ್ತೆ ಎಳೆಯುತ್ತದೆ. ವಾಪಸು ಬರುವಾಗ ತೋಳಿನೊಳಗೆ ತಣ್ಣಗಾಗುತ್ತದೆ. ರಕ್ತ ಹೆಪ್ಪುಗಟ್ಟದಿರಲೆಂದು ಬೆರೆಸುವ ಸಿಟ್ರೇಟು ಮೈಯೊಳಗಿನ ಕ್ಯಾಲ್ಸಿಯಂ ಅನ್ನು ಕೊಂಚ ಹಿಡಿದಿಟ್ಟುಕೊಳ್ಳುವುದರಿಂದ ತುಟಿ, ಬೆರಳ ತುದಿ ಜುಮುಜುಮು ಎನ್ನಬಹುದು. ವೀರಾವೇಶ ಮೈದುಂಬುತ್ತಿದೆ ಎಂದು ಸುಮ್ಮನೆ ಕೂರದೆ ಸಿಸ್ಟರಿಗೆ ಹೇಳಬೇಕು. ಅವರು ಯಂತ್ರದ ವೇಗ ತಗ್ಗಿಸಿ, ಒಂದು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ, ಆವೇಶ ಇಳಿಯುತ್ತದೆ.

ಮನೆಯಲ್ಲಿ ಏಳುವ ದೊಡ್ಡ ಆಕ್ಷೇಪ ನಿಶ್ಶಕ್ತಿಯದು. "ಸೊರಗಿ ಹೋಗ್ತೀಯ ಕಣಪ್ಪ, ಹೋದದ್ದು ಮತ್ತೆ ಬರುತ್ತಾ?" ಎಂದು ಅಜ್ಜಿ ಕೇಳುವ ಪ್ರಶ್ನೆಯನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ, ಏಕೆಂದರೆ ನೀರಿನ ಲೆಕ್ಕವನ್ನು ಈ ಸೀಮೆಯ ಅಜ್ಜಿಯರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹಿರಿಯೂರಿನ ಬಳಿ ವೇದಾವತಿ ನದಿಯ ವಾಣಿವಿಲಾಸ ಸಾಗರ ಅಣೆಕಟ್ಟು, ಜನರ ಬಾಯಲ್ಲಿ ಮಾರಿಕಣಿವೆ, 1907ರಲ್ಲಿ ಕಟ್ಟಿ ಮುಗಿಯಿತು. 1933ರಲ್ಲಿ ಒಮ್ಮೆ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022 ಬರಬೇಕಾಯಿತು. ನಡುವಿನ 89 ವರ್ಷದಲ್ಲಿ ಹುಟ್ಟಿ, ಮದುವೆಯಾಗಿ, ಮೊಮ್ಮಕ್ಕಳನ್ನು ಕಂಡು, ಕೋಡಿ ಕಾಣದೆಯೇ ಹೋದವರೆಷ್ಟೋ ಮಂದಿ. ಖಾಲಿಯಾದದ್ದು ತುಂಬುವುದೆಂದರೆ ಹೀಗೆ ಎಂಬ ಅನುಭವ ಇರುವ ಜನ ದೇಹವನ್ನೂ ಅದೇ ಕಣ್ಣಿನಿಂದ ನೋಡಿದರೆ ತಪ್ಪೇನು? ಆದರೆ ದೇಹ ವೇದಾವತಿಯ ಮಳೆಯನ್ನು ಕಾಯುವುದಿಲ್ಲ. ಕೊಟ್ಟ ಪ್ಲಾಸ್ಮಾದ ದ್ರವ ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ. ಕೆಂಪು ಕಣ ಭರ್ತಿಯಾಗಲು ವಾರಗಳೇ ಬೇಕು. ಅದಕ್ಕೇ ಪೂರ್ತಿ ರಕ್ತ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಬಿಡಬೇಕೆಂಬ ನಿಯಮ. ಅಜ್ಜಿ ಕೊಡುವ ದಾಳಿಂಬೆ ರಸವನ್ನು ಬೇಡವೆನ್ನಬೇಡಿ, ಹೊಸದುರ್ಗ, ಹಿರಿಯೂರಿನ ಬೆಳೆಗಾರರಿಗೂ ಒಳ್ಳೆಯದು. ಬಣ್ಣ ಕೆಂಪಗಿದ್ದ ಮಾತ್ರಕ್ಕೆ ಅದು ನೇರ ರಕ್ತನಾಳಕ್ಕೆ ಇಳಿಯುತ್ತದೆ ಎಂದು ಮಾತ್ರ ನಂಬಬೇಕಿಲ್ಲ.

ಧೈರ್ಯ ಬೇಡವೆನ್ನಲು ನನ್ನ ಬಳಿ ಇಬ್ಬರು ಸಾಕ್ಷಿಗಳಿದ್ದಾರೆ. ಮೊದಲನೆಯವರು ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್. ಅವರ ಪ್ಲಾಸ್ಮಾದಲ್ಲಿ, ತಾಯಿ ಮಗುವಿನ ರಕ್ತದ ಆರ್‌ಎಚ್ ಗುಂಪು ಹೊಂದದೆ ಹೋದಾಗ ಕೂಸುಗಳನ್ನು ಕಾಪಾಡುವ ಆ್ಯಂಟಿ-ಡಿ ಎಂಬ ವಿರಳ ಅಂಶ ಇತ್ತು. 2018ರಲ್ಲಿ ವಯಸ್ಸಿನ ಮಿತಿ ಅಡ್ಡ ಬರುವವರೆಗೆ ಅವರು 1173 ಸಲ ಕೊಟ್ಟರು. ಸೂಜಿ ಕಂಡರೆ ಆಗದ ಮನುಷ್ಯ. ಅಷ್ಟೂ ಸಲ ಮುಖ ಆಚೆ ತಿರುಗಿಸಿಕೊಂಡೇ ಕೂತಿದ್ದರು. ಎರಡನೆಯ ಸಾಕ್ಷಿ ಕುದುರೆ. ಅಡಿಕೆ ತೋಟದಲ್ಲೋ ಶೇಂಗಾ ಹೊಲದಲ್ಲೋ ಕೊಳಕುಮಂಡಲ ಕಚ್ಚಿದವರಿಗೆ ಆಸ್ಪತ್ರೆಯಲ್ಲಿ ಕೊಡುವ ವಿಷನಿರೋಧಕ ತಯಾರಾಗುವುದು ಕುದುರೆಯ ಪ್ಲಾಸ್ಮಾದಿಂದ. ಕುದುರೆಗೆ ಸ್ವಲ್ಪಸ್ವಲ್ಪವೇ ವಿಷ ಕೊಟ್ಟು ಪಳಗಿಸಿ ರಕ್ತ ತೆಗೆಯುತ್ತಾರೆ. ಪಾಳೆಯಗಾರರ ಕಾಲದ ಕುದುರೆಗಳಿಗೆ ಹಾಡು, ಲಾವಣಿ ಸಂದವು. ಈ ಕುದುರೆಗಳಿಗೆ ಸಿಕ್ಕದ್ದು ಹುರುಳಿ ಮಾತ್ರ. ಹೊಲದಿಂದ ಜೀವಂತ ಮನೆಗೆ ಬಂದ ರೈತರ ಸಂಖ್ಯೆ ಹಿಡಿದು ನೋಡಿದರೆ ಇವುಗಳ ಕೆಲಸವೇ ದೊಡ್ಡದೆನ್ನುತ್ತೇನೆ. ಒಪ್ಪುವುದಿಲ್ಲ ಎನ್ನುವವರು ಕೋಟೆಯ ಕೆಳಗೆ ಪೇಟೆಯಲ್ಲಿ ಸಿಕ್ಕಿ ಜಗಳ ತೆಗೆಯಬಹುದು.

"ಕೊರೊನಾ ಕಾಲದಲ್ಲಿ ಪ್ಲಾಸ್ಮಾ ಪ್ಲಾಸ್ಮಾ ಎಂದು ಕುಣಿದರಲ್ಲ, ಕೊನೆಗೆ ಏನಾಯಿತು?" ಎಂಬುದು ಓದಿಕೊಂಡವರ ಆಕ್ಷೇಪ, ತೂಕವೂ ಇದೆ. 2020ರ ಜುಲೈನಲ್ಲಿ ನಮ್ಮ ರಾಜ್ಯ ಸರ್ಕಾರ ಕೋವಿಡ್ ಗೆದ್ದುಬಂದು ಪ್ಲಾಸ್ಮಾ ಕೊಡುವವರಿಗೆ 5000 ರೂಪಾಯಿ ಪ್ರೋತ್ಸಾಹಧನ ಸಾರಿತು. ವಾಟ್ಸಾಪಿನಲ್ಲಿ ಹಗಲೂ ರಾತ್ರಿ ರಕ್ತದ ಗುಂಪುಗಳ ಹರಾಜು. ಅಷ್ಟರಲ್ಲಿ ಐಸಿಎಂಆರ್ ದೇಶದ 39 ಆಸ್ಪತ್ರೆಗಳ 464 ರೋಗಿಗಳ ಮೇಲೆ ಪರೀಕ್ಷೆ ನಡೆಸಿ, ಸಾವು ತಪ್ಪಿಸುವುದರಲ್ಲಿ, ಗೆದ್ದವರ ಪ್ಲಾಸ್ಮಾವನ್ನು ರೋಗಿಗಳಿಗೆ ಕೊಡುವ ಈ ಚಿಕಿತ್ಸೆಯಿಂದ ಪ್ರಯೋಜನ ಕಾಣಲಿಲ್ಲ ಎಂದಿತು. 2021ರ ಮೇ ತಿಂಗಳಲ್ಲಿ ಚಿಕಿತ್ಸೆಯ ಪಟ್ಟಿಯಿಂದ ಅದನ್ನು ತೆಗೆದರು. ಸೋತದ್ದು ಆ ಒಂದು ಉಪಯೋಗ, ಪ್ಲಾಸ್ಮಾ ಅಲ್ಲ. ಸುಟ್ಟ ಗಾಯದವರಿಗೆ ಆಲ್ಬುಮಿನ್, ರೋಗನಿರೋಧಕ ಶಕ್ತಿ ಇಲ್ಲದೆ ಹುಟ್ಟಿದ ಮಕ್ಕಳಿಗೆ ಇಮ್ಯುನೊಗ್ಲಾಬ್ಯುಲಿನ್ ಇಂದಿಗೂ ಪ್ಲಾಸ್ಮಾದಿಂದಲೇ ಬರಬೇಕು. ದೂರ ಹೋಗುವುದು ಬೇಡ. 1997ರವರೆಗೆ ನಮ್ಮದೇ ಜಿಲ್ಲೆಯಲ್ಲಿದ್ದ ದಾವಣಗೆರೆಯಲ್ಲಿ, ಸ್ವತಃ ಹಿಮೋಫಿಲಿಯಾ ಇರುವ ವೈದ್ಯ ಡಾ. ಸುರೇಶ್ ಹನಗವಾಡಿ ಕಟ್ಟಿ ಬೆಳೆಸಿದ ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಇದೆ. ಹಿಮೋಫಿಲಿಯಾ, ಅಂದರೆ ರಕ್ತ ಹೆಪ್ಪುಗಟ್ಟಿಸುವ ಅಂಶದ ಕೊರತೆ ಇರುವವರಿಗೆ ಮಂಡಿ ತಾಗಿಸಿಕೊಂಡರೂ ಸಾಕು, ಕೀಲಿನೊಳಗೆ ರಕ್ತ ತುಂಬಿಕೊಂಡು ಬಾತುಕೊಳ್ಳುತ್ತದೆ. ಆ ಅಂಶವನ್ನು ಈಗ ಕಾರ್ಖಾನೆಯಲ್ಲೂ ತಯಾರಿಸುತ್ತಾರಾದರೂ, ದಶಕಗಳ ಕಾಲ ಅವರನ್ನು ಉಳಿಸಿದ್ದು ಪ್ಲಾಸ್ಮಾ.

ಇನ್ನು ದುಡ್ಡಿನ ಮಾತು. ಅಮೆರಿಕದಲ್ಲಿ ಪ್ಲಾಸ್ಮಾ ಕೊಟ್ಟವರಿಗೆ ಹಣ ಕೊಡುತ್ತಾರೆ, ವಾರಕ್ಕೆ ಎರಡು ಸಲ ಕೊಡಲೂಬಹುದು. ನಮ್ಮಲ್ಲಿ ಸುಪ್ರೀಂ ಕೋರ್ಟಿನ 1996ರ ತೀರ್ಪಿನಿಂದಾಗಿ 1998ರ ಜನವರಿ 1ರಿಂದ ದುಡ್ಡಿಗೆ ರಕ್ತ ಕೊಡುವ ಕಸುಬು ನಿಂತಿದೆ. "ನಾವು ಪುಕ್ಕಟೆ ಕೊಟ್ಟದ್ದನ್ನು ಕಂಪನಿಯವರು ಔಷಧ ಮಾಡಿ ಮಾರುತ್ತಾರಲ್ಲ" ಎನ್ನುವ ಸಿಟ್ಟು ನ್ಯಾಯವಾದದ್ದೇ. ರಕ್ತನಿಧಿಗಳಲ್ಲಿ ಮಿಕ್ಕ ಪ್ಲಾಸ್ಮಾಕ್ಕೆ ಕೇಂದ್ರ ಸರ್ಕಾರ 2015ರಲ್ಲಿ ಲೀಟರಿಗೆ 1600 ರೂಪಾಯಿ ವಿನಿಮಯ ಮೌಲ್ಯ ಗೊತ್ತುಮಾಡಿತು. ಅದರಿಂದಾದ ಔಷಧದ ಬೆಲೆ ಕೇಳಿದರೆ ಸೂಜಿಗಿಂತ ಜೋರಾಗಿ ಚುಚ್ಚುತ್ತದೆ. ಆದರೆ ಈ ಸಿಟ್ಟಿಗೆ ಮದ್ದು ಬೆಲೆ ಇಳಿಸೆಂದು ಸರ್ಕಾರವನ್ನು ಪೀಡಿಸುವುದು. ಕೊಡದೆ ಕೂತರೆ ಮಾಲು ಹೊರದೇಶದಿಂದ ಬರುತ್ತದೆ, ಬೆಲೆ ಇನ್ನೂ ಮೇಲೇರುತ್ತದೆ.

ಎಲ್ಲ ಮುಗಿದ ಮೇಲೆ ಕಾಲು ಗಂಟೆ ಅಲ್ಲೇ ಕೂತು, ಕೊಟ್ಟ ಜ್ಯೂಸ್ ಕುಡಿದು ಏಳಬೇಕು. ಅವತ್ತು ಮೂಟೆ ಹೊರುವುದು, ತೆಂಗಿನಮರ ಹತ್ತುವುದು ಬೇಡ. ನಿಜವಾದ ಸಾಹಸ ಇರುವುದು ಹೊಸದುರ್ಗಕ್ಕೋ ಹೊಳಲ್ಕೆರೆಗೋ ಮರಳುವ ಬಸ್ಸಿನಲ್ಲಿ. ಅಲ್ಲಿ ಮಹಿಳೆಯರಿಗೆ, ಹಿರಿಯ ನಾಗರಿಕರಿಗೆ, ಅಂಗವಿಕಲರಿಗೆ, ಶಾಸಕರಿಗೆ ಸಹ ಸೀಟು ಮೀಸಲು. ಮೊಣಕೈಗೆ ಹತ್ತಿ ಅಂಟಿಸಿಕೊಂಡವರಿಗೆ ಇಲ್ಲ. ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಜಾಗ ಹಿಡಿಯಲೇಬೇಕು, ಸೂಜಿ ಚುಚ್ಚಿಸಿಕೊಂಡ ಕೈಯಿಂದಲ್ಲ, ಇನ್ನೊಂದರಿಂದ.